ಬೇಡದೆ ಬಂದ ಜೇಡನ ಬಲ: ಪವಿತ್ರ ಪ್ರಭಾಕರನ ಕಥೆಗೆ ಬೆಂಗಳೂರಿನ ನಂಟು

ಸ್ಪೈಡರ್‌ಮ್ಯಾನ್ ಎಂದೊಡನೆ ನೆನಪಾಗುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು ಮತ್ತು ಅವುಗಳ ನಡುವೆ ಬಲೆಯ ಎಳೆ ಹಿಡಿದು ಜೀಕುವ ಕೆಂಪು-ನೀಲಿ ಉಡುಪಿನ ತರುಣ. ಅದೇ ಮುಖವಾಡ ತೊಟ್ಟು, ಸೊಂಟಕ್ಕೆ ಧೋತಿ ಉಟ್ಟು, ಮುಂಬಯಿಯ ಬೀದಿಗಳ ಮೇಲೆ ಹಾರಾಡಿದ ಮತ್ತೊಬ್ಬ ಸ್ಪೈಡರ್‌ಮ್ಯಾನ್ 2004ರಲ್ಲಿ ಜನ್ಮ ತಾಳಿದ. ಆತನ ಹೆಸರು ಪವಿತ್ರ ಪ್ರಭಾಕರ್. ಕಥೆ ನಡೆಯುವುದು ಮುಂಬಯಿಯಲ್ಲಾದರೂ, ಈ ಪಾತ್ರವನ್ನು ರೂಪಿಸಿದ ಸಂಸ್ಥೆ ಮತ್ತು ಕಲಾವಿದರ ನಂಟು ಇರುವುದು ಬೆಂಗಳೂರಿನೊಂದಿಗೆ.

ಹಳ್ಳಿಯಿಂದ ನಗರಕ್ಕೆ ಬಂದ ಬಡ ಹುಡುಗನೊಬ್ಬನಿಗೆ ಬಯಸದೆ ಒದಗಿದ ಜೇಡನ ಶಕ್ತಿ, ಅದು ತಂದ ಹೊಣೆ, ಅದಕ್ಕೆ ತೆರಬೇಕಾದ ಬೆಲೆ ಇವೇ ಕಥೆಯ ತಿರುಳು. ನಾಲ್ಕೇ ಸಂಚಿಕೆಗಳಲ್ಲಿ ಮುಗಿದುಹೋದ ಈ ಕಥೆ ಸುಮಾರು ಎರಡು ದಶಕಗಳ ನಂತರ ಜಗತ್ತಿನಾದ್ಯಂತ ಬೆಳ್ಳಿತೆರೆಯ ಮೇಲೆ ಕಾಣಿಸಿಕೊಂಡಿತು. ಅಷ್ಟು ಹೊತ್ತಿಗೆ ನಾಯಕ ಕನ್ನಡವನ್ನೂ ಮಾತನಾಡತೊಡಗಿದ್ದ. ಈ ಪಾತ್ರದ ಪೂರ್ವಾಪರಗಳ ಪರಿಚಯ ಇಲ್ಲಿದೆ.

ಪಾತ್ರ ಪರಿಚಯ: ಸಂಕ್ಷಿಪ್ತವಾಗಿ

ಹೆಸರು: ಪವಿತ್ರ ಪ್ರಭಾಕರ್ (ಭಾರತೀಯ ಸ್ಪೈಡರ್‌ಮ್ಯಾನ್)
ಮೊದಲ ಪ್ರಕಟಣೆ: 2004, 'ಸ್ಪೈಡರ್‌ಮ್ಯಾನ್: ಇಂಡಿಯಾ', ಒಟ್ಟು 4 ಸಂಚಿಕೆಗಳು
ಸೃಷ್ಟಿಕರ್ತರು: ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಜೆ. ಕಾಂಗ್
ಪ್ರಕಾಶನ: ಗೋಥಮ್ ಎಂಟರ್‌ಟೇನ್‌ಮೆಂಟ್ ಗ್ರೂಪ್, ಅಮೆರಿಕದ ಮಾರ್ವೆಲ್ ಸಂಸ್ಥೆಯ ಪರವಾನಗಿಯೊಂದಿಗೆ
ಕಥೆಯ ನೆಲೆ: ಮುಂಬಯಿ
ಬಂಧುಗಳು: ಚಿಕ್ಕಪ್ಪ ಭೀಮ್, ಚಿಕ್ಕಮ್ಮ ಮಾಯಾ
ಗೆಳತಿ: ಮೀರಾ ಜೈನ್
ಎದುರಾಳಿ: ನಳಿನ್ ಒಬೆರಾಯ್

ಮೂಲ ಪುರುಷ ಪೀಟರ್ ಪಾರ್ಕರ್

ಪವಿತ್ರನನ್ನು ಅರಿಯಬೇಕಾದರೆ ಮೊದಲು ಪೀಟರ್ ಪಾರ್ಕರ್‌ನನ್ನು ನೋಡಬೇಕು. ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ರೂಪಿಸಿದ ಸ್ಪೈಡರ್‌ಮ್ಯಾನ್ 1962ರ ಆಗಸ್ಟ್ ತಿಂಗಳ ದಿನಾಂಕವಿದ್ದ 'ಅಮೇಜಿಂಗ್ ಫ್ಯಾಂಟಸಿ' ಪತ್ರಿಕೆಯ 15ನೇ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡ. ಅದುವರೆಗಿನ ಕಾಮಿಕ್ಸ್ ಲೋಕದಲ್ಲಿ ಹದಿಹರೆಯದ ಹುಡುಗರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ನಾಯಕನ ಬೆನ್ನ ಹಿಂದೆ ನಡೆಯುವ ಸಹಾಯಕನ ಸ್ಥಾನ. ಜೇಡವೆಂದರೆ ಜನ ಅಸಹ್ಯಪಡುತ್ತಾರೆ, ಅಂಥ ನಾಯಕನನ್ನು ಯಾರು ಓದುತ್ತಾರೆ ಎಂದು ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಹಿಂಜರಿದಿದ್ದರೆಂದು ಸ್ಟ್ಯಾನ್ ಲೀ ಮುಂದೆ ಅನೇಕ ಬಾರಿ ಹೇಳಿಕೊಂಡಿದ್ದರು.

ಓದುಗರ ಮನ ಗೆದ್ದದ್ದು ನಾಯಕನ ಬಲಕ್ಕಿಂತ ಹೆಚ್ಚಾಗಿ ಆತನ ಬವಣೆ. ವಿಕಿರಣಕ್ಕೆ ಒಳಗಾದ ಜೇಡವೊಂದು ಕಚ್ಚಿದ್ದರಿಂದ ಪೀಟರನಿಗೆ ಗೋಡೆ ಏರುವ ಸಾಮರ್ಥ್ಯ, ಅಸಾಧಾರಣ ದೇಹಬಲ, ಅಪಾಯವನ್ನು ಮುಂಚಿತವಾಗಿ ಗ್ರಹಿಸುವ ಇಂದ್ರಿಯ ದೊರೆಯುತ್ತವೆ. ಮೊದಲಿಗೆ ಆತ ಅದನ್ನು ಹಣ ಗಳಿಕೆಗೆ ಬಳಸುತ್ತಾನೆ. ಕಣ್ಣೆದುರೇ ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯುವ ಗೋಜಿಗೆ ಹೋಗುವುದಿಲ್ಲ. ಮುಂದೆ ಅದೇ ಕಳ್ಳ ಅವನನ್ನು ಸಾಕಿ ಬೆಳೆಸಿದ ಬೆನ್ ಅಂಕಲ್‌ನನ್ನು ಕೊಲ್ಲುತ್ತಾನೆ. ತಾನು ಕೇಳದ ಶಕ್ತಿಯನ್ನು ಇನ್ನು ಮುಂದೆ ತ್ಯಜಿಸುವಂತೆಯೂ ಇಲ್ಲ, ಸುಮ್ಮನಿರುವಂತೆಯೂ ಇಲ್ಲ ಎಂಬ ಇಕ್ಕಟ್ಟೇ ಆ ಪಾತ್ರದ ಬೆನ್ನೆಲುಬು.

ಪವಿತ್ರನ ಕಥೆ

ಈ ಬೆನ್ನೆಲುಬನ್ನು ಹಾಗೆಯೇ ಉಳಿಸಿಕೊಂಡು ಉಳಿದುದನ್ನೆಲ್ಲ ಭಾರತದ ಮಣ್ಣಿಗೆ ಹೊಂದಿಸಿದ್ದು 2004ರ ಸರಣಿ. ಹೆಸರುಗಳಲ್ಲೇ ಅದರ ಜಾಡು ಸಿಗುತ್ತದೆ. ಪೀಟರ್ ಪಾರ್ಕರ್ ಪವಿತ್ರ ಪ್ರಭಾಕರನಾದ, ಬೆನ್ ಭೀಮನಾದ, ಮೇ ಮಾಯಾ ಆದಳು, ಮೇರಿ ಜೇನ್ ಮೀರಾ ಜೈನ್ ಆದಳು, ನಾರ್ಮನ್ ಆಸ್ಬಾರ್ನ್ ನಳಿನ್ ಒಬೆರಾಯ್ ಆದ.

ಪವಿತ್ರ ಹಳ್ಳಿಯ ಹುಡುಗ. ವಿದ್ಯಾರ್ಥಿವೇತನ ಪಡೆದು ಮುಂಬಯಿಯ ಶಾಲೆಗೆ ಸೇರಿದ ಅವನೊಂದಿಗೆ ಚಿಕ್ಕಪ್ಪ, ಚಿಕ್ಕಮ್ಮ ಕೂಡ ನಗರಕ್ಕೆ ಬರುತ್ತಾರೆ. ಅವನ ಬಡತನವನ್ನೂ ಹಳ್ಳಿಯ ಉಡುಗೆಯನ್ನೂ ಸಹಪಾಠಿಗಳು ಹಂಗಿಸುತ್ತಾರೆ. ಸ್ನೇಹದಿಂದ ಮಾತನಾಡಿಸುವವಳು ಮೀರಾ ಒಬ್ಬಳೇ. ಪುಂಡರು ಅಟ್ಟಿಸಿಕೊಂಡು ಬಂದಾಗ ಓಡುವ ಪವಿತ್ರನಿಗೆ ಪ್ರಾಚೀನ ಯೋಗಿಯೊಬ್ಬ ಎದುರಾಗುತ್ತಾನೆ. ಲೋಕಕ್ಕೆ ಒದಗಲಿರುವ ಕೇಡನ್ನು ಎದುರಿಸಲೆಂದು ಜೇಡನ ಶಕ್ತಿಯನ್ನು ಅವನಿಗೆ ಧಾರೆಯೆರೆಯುತ್ತಾನೆ. ವಿಜ್ಞಾನದ ಅವಘಡವಿದ್ದ ಜಾಗದಲ್ಲಿ ಇಲ್ಲಿ ವರವಿದೆ. ಆದರೆ ಅದು ತಪಸ್ಸು ಮಾಡಿ ಪಡೆದ ವರವಲ್ಲ, ಹುಡುಗನ ಒಪ್ಪಿಗೆಗೂ ಕಾಯದೆ ಬಂದು ಎರಗಿದ ವರ.

ದುರಂತ ಸಂಭವಿಸುವುದು ಇಲ್ಲಿಯೇ. ಕೆಲವು ಗಂಡಸರು ಹೆಣ್ಣುಮಗಳೊಬ್ಬಳ ಮೇಲೆರಗುವುದನ್ನು ಕಂಡರೂ ಪವಿತ್ರ ತನಗೆ ಸಂಬಂಧವಿಲ್ಲವೆಂಬಂತೆ ಹೊರಟುಹೋಗುತ್ತಾನೆ. ಯಾವ ಶಕ್ತಿಯೂ ಇಲ್ಲದ ಚಿಕ್ಕಪ್ಪ ಭೀಮ್ ಆಕೆಯ ನೆರವಿಗೆ ಧಾವಿಸಿ ಇರಿತಕ್ಕೆ ಬಲಿಯಾಗುತ್ತಾನೆ. ಮೂಲ ಕಥೆಯ ಓಡಿಹೋಗುವ ಕಳ್ಳನ ಬದಲು ಬೀದಿಯಲ್ಲಿ ಕಿರುಕುಳಕ್ಕೆ ಒಳಗಾದ ಮಹಿಳೆಯನ್ನು ತಂದದ್ದು ಭಾರತೀಯ ಆವೃತ್ತಿ ಮಾಡಿಕೊಂಡ ಬಹು ಮುಖ್ಯ ಬದಲಾವಣೆ. ನಮ್ಮ ನಗರಗಳಲ್ಲಿ ನೋಡಿಯೂ ನೋಡದಂತೆ ಮುಂದೆ ಸಾಗುವ ದಾರಿಹೋಕರ ನಡವಳಿಕೆಯನ್ನೇ ಅದು ನಾಯಕನ ಪಾಪವನ್ನಾಗಿ ಮಾಡಿತು.

ಅತ್ತ ಒಬೆರಾಯ್ ತಾಯಿತವೊಂದರ ಬಲದಿಂದ ರಾಕ್ಷಸರೂಪ ತಳೆಯುತ್ತಾನೆ. ಸಾಧು ಸ್ವಭಾವದ ವೈದ್ಯನೊಬ್ಬನನ್ನು ಅಷ್ಟಪದಿಯಂತಹ ದೈತ್ಯನನ್ನಾಗಿ ಮಾರ್ಪಡಿಸುತ್ತಾನೆ. ಯೋಗಿಯಿಂದ ಶಕ್ತಿ ಪಡೆದ ಹುಡುಗ, ತಾಯಿತದಿಂದ ಶಕ್ತಿ ಪಡೆದ ಕೇಡಿಗ ಪರಸ್ಪರ ಮುಖಾಮುಖಿಯಾಗುವಲ್ಲಿಗೆ ಕಥೆ ತನ್ನ ತುದಿ ಮುಟ್ಟುತ್ತದೆ. ಕೊನೆಯಲ್ಲಿ ಪವಿತ್ರ ಚಿಕ್ಕಮ್ಮನೊಂದಿಗೆ ದೀಪಾವಳಿ ಆಚರಿಸುತ್ತಾನೆ.

ಬೆಂಗಳೂರಿನ ನಂಟು

ಮಾರ್ವೆಲ್, ಡಿಸಿ ಮುಂತಾದ ಅಮೆರಿಕದ ಸಂಸ್ಥೆಗಳ ಕಾಮಿಕ್ಸ್‌ಗಳನ್ನು ಪರವಾನಗಿ ಪಡೆದು ಭಾರತದಲ್ಲಿ ಮಾರುತ್ತಿದ್ದ ಗೋಥಮ್ ಸಂಸ್ಥೆಗೆ ನ್ಯೂಯಾರ್ಕ್‌ನಂತೆ ಬೆಂಗಳೂರೂ ನೆಲೆಯಾಗಿತ್ತು. ಪರದೇಶದ ಪುಸ್ತಕವನ್ನು ತಂದು ಮಾರುವುದಷ್ಟೇ ಸಾಲದು, ಇಲ್ಲಿಯ ಓದುಗನ ಬದುಕಿಗೆ ಹೊಂದುವಂತೆ ಅದನ್ನು ಮರುಸೃಷ್ಟಿಸಬೇಕು ಎಂಬುದು ಶರದ್ ದೇವರಾಜನ್ ಅವರ ನಿಲುವಾಗಿತ್ತು. ಬೆಂಗಳೂರನ್ನು ನೆಲೆಯಾಗಿಸಿಕೊಂಡ ಜೀವನ್ ಕಾಂಗ್ ಈ ಸರಣಿಗೆ ಚಿತ್ರ ಬರೆದರು. 'ಸ್ಪೈಡರ್‌ಮ್ಯಾನ್ 2' ಚಲನಚಿತ್ರ ತೆರೆಕಂಡ 2004ರಲ್ಲೇ ಸರಣಿ ಭಾರತದಲ್ಲಿ ಹೊರಬಂದಿತು. 2005ರ ಹೊತ್ತಿಗೆ ಅಮೆರಿಕದ ಓದುಗರನ್ನೂ ತಲುಪಿತು.

ಆ ವರ್ಷಗಳಲ್ಲಿ ಬೆಂಗಳೂರು ಹೊರಗಿನವರ ಕೆಲಸವನ್ನು ಮಾಡಿಕೊಡುವ ಊರೆಂದೇ ಜಗತ್ತಿನಲ್ಲಿ ಹೆಸರಾಗಿತ್ತು. ತಂತ್ರಾಂಶದಂತೆಯೇ ಆನಿಮೇಷನ್ ಕ್ಷೇತ್ರದಲ್ಲಿಯೂ ವಿದೇಶದ ಕಥೆಗೆ ಇಲ್ಲಿಯ ಕೈಗಳು ಬಣ್ಣ ತುಂಬುತ್ತಿದ್ದವು. ಕಥೆಯನ್ನೂ ಪಾತ್ರವನ್ನೂ ಇಲ್ಲಿಯವರೇ ಕಟ್ಟಿದರೆಂಬುದೇ ಪವಿತ್ರನ ವಿಶೇಷ. ಆದರೂ ಸ್ಪೈಡರ್‌ಮ್ಯಾನ್ ಮಾರ್ವೆಲ್‌ನ ಸ್ವತ್ತು, ಹೀಗಾಗಿ ಪವಿತ್ರನೂ ಅದರದೇ ಸ್ವತ್ತು. ಇಲ್ಲಿ ಹುಟ್ಟಿದ ಮಗುವಿನ ಮುಂದಿನ ಬದುಕನ್ನು ನಿರ್ಧರಿಸುವ ಅಧಿಕಾರ ಉಳಿದದ್ದು ಅಮೆರಿಕದಲ್ಲಿಯೇ.

ಮೆಚ್ಚುಗೆ ಮತ್ತು ಆಕ್ಷೇಪ

ಈ ಪಾತ್ರದ ಬಗ್ಗೆ ಎರಡು ರೀತಿಯ ಅಭಿಪ್ರಾಯಗಳಿಗೆ ಎಡೆಯಿದೆ. ಪುರಾಣದ ವರ-ಶಾಪಗಳ ಪರಂಪರೆ ಇರುವ ನಾಡಿನಲ್ಲಿ ವಿಕಿರಣಕ್ಕಿಂತ ಯೋಗಿಯ ಅನುಗ್ರಹವೇ ಸಹಜವಾದ ಕಾರಣವೆಂಬುದು ಒಂದು ವಾದ. ಹದಿಹರೆಯದ ಭಾರತೀಯ ಹುಡುಗ ಜಗತ್ಪ್ರಸಿದ್ಧ ಮುಖವಾಡ ಧರಿಸಿದನೆಂಬುದೇ ಆಗ ದೊಡ್ಡ ಸಂಗತಿಯಾಗಿತ್ತು.

ಮತ್ತೊಂದು ವಾದವನ್ನೂ ತಳ್ಳಿಹಾಕುವಂತಿಲ್ಲ. ಯೋಗಿ, ತಾಯಿತ, ರಾಕ್ಷಸ, ಧೋತಿ ಇವೆಲ್ಲ ಹೊರಗಿನವರು ಭಾರತವೆಂದರೆ ನಿರೀಕ್ಷಿಸುವ ಸರಕುಗಳೇ. ನಗರದ ಶಾಲಾ ಬಾಲಕನೊಬ್ಬನ ದಿನಚರಿ, ಓದಿನ ಒತ್ತಡ, ಬಾಡಿಗೆ ಮನೆಯ ಸಂಕಟಗಳಿಗೆ ನಾಲ್ಕು ಸಂಚಿಕೆಗಳ ಧಾವಂತದಲ್ಲಿ ಸ್ಥಳ ಸಿಗಲಿಲ್ಲ. ಮೂಲ ಕಥೆಯ ಪ್ರತಿ ಪಾತ್ರಕ್ಕೂ ಒಂದೊಂದು ಭಾರತೀಯ ಹೆಸರು ಹುಡುಕುವುದೇ ಮುಖ್ಯವಾದಾಗ ಹೊಸ ಪಾತ್ರಗಳಿಗೆ ಎಡೆ ಉಳಿಯುವುದಿಲ್ಲ.

ಹಾಗಿದ್ದೂ ಹಳ್ಳಿಯಿಂದ ಬಂದವನ ಅವಮಾನವೆಂಬ ಎಳೆ ಮಾತ್ರ ಗಟ್ಟಿಯಾಗಿದೆ. ಗೋವಿಂದರಾಜನಗರ ವಿಧಾನಸಭಾ ಕ್ಷೇತ್ರದ ಮಾರೇನಹಳ್ಳಿಯಂತಹ ಬಡಾವಣೆಗಳಿಗೆ ಈ ಎಳೆ ಅಪರಿಚಿತವಲ್ಲ. ಹೆಸರಿನಲ್ಲಿ ಇಂದಿಗೂ ಹಳ್ಳಿಯನ್ನು ಉಳಿಸಿಕೊಂಡು, ಸುತ್ತಲೂ ವಿಜಯನಗರ ಬೆಳೆದಂತೆ ನಗರದೊಳಗೆ ಕರಗಿದ ಊರು ಅದು. ಅಂಥಲ್ಲಿ ಹಳ್ಳಿ ಮತ್ತು ನಗರದ ನಡುವಿನ ಗಡಿ ಭೂಪಟದಲ್ಲಿ ಕಾಣುವುದಿಲ್ಲ. ತರಗತಿಯಲ್ಲಿ ಯಾರ ಭಾಷೆ, ಯಾರ ಉಡುಪು ನಗೆಪಾಟಲಾಗುತ್ತದೆ ಎಂಬಲ್ಲಿ ಕಾಣುತ್ತದೆ.

ಜೇಡನ ನಂತರ ಸರ್ಪ

ಪವಿತ್ರನ ಹಿಂದಿದ್ದ ತಂಡದ ಮುಂದಿನ ಹೆಜ್ಜೆ ಇನ್ನೂ ದೊಡ್ಡದಾಗಿತ್ತು. ಉದ್ಯಮಿ ರಿಚರ್ಡ್ ಬ್ರಾನ್ಸನ್, ಲೇಖಕ ದೀಪಕ್ ಚೋಪ್ರಾ, ಚಿತ್ರ ನಿರ್ದೇಶಕ ಶೇಖರ್ ಕಪೂರ್ ಅವರೊಂದಿಗೆ ಸೇರಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಗೋಥಮ್ ಚೋಪ್ರಾ ಅವರು 2006ರಲ್ಲಿ ವರ್ಜಿನ್ ಕಾಮಿಕ್ಸ್ ಆರಂಭಿಸಿದರು. ಸಂಸ್ಥೆಯ ಕಲಾ ಸ್ಟುಡಿಯೊ ಬೆಂಗಳೂರಿನಲ್ಲಿತ್ತು. 'ದೇವಿ', 'ದಿ ಸಾಧು', 'ಸ್ನೇಕ್‌ವುಮನ್' ಅದರ ಆರಂಭದ ಸರಣಿಗಳು.

ಇವುಗಳಲ್ಲಿ ಬೇಡದೆ ಬಂದ ಪ್ರಾಣಿಶಕ್ತಿಯ ಕಥೆಯೆಂದರೆ 'ಸ್ನೇಕ್‌ವುಮನ್'. ಶೇಖರ್ ಕಪೂರ್ ಅವರ ಕಲ್ಪನೆಗೆ ಜೆಬ್ ವೆಲ್ಸ್ ಕಥೆ ಬರೆದರು, ಮೈಕೆಲ್ ಗೇಡೋಸ್ ಚಿತ್ರ ಬರೆದರು. ಲಾಸ್ ಏಂಜಲೀಸ್‌ನಲ್ಲಿ ನೆಲೆಸಿರುವ ಜೆಸ್ಸಿಕಾ ಪೀಟರ್‌ಸನ್ ಎಂಬ ಯುವತಿಯೊಳಗೆ ಸರ್ಪದೇವತೆಯೊಂದು ನಿದ್ರಿಸುತ್ತಿದೆ. ಈಸ್ಟ್ ಇಂಡಿಯಾ ಕಂಪನಿಯ 68 ಮಂದಿ ಶತಮಾನಗಳ ಹಿಂದೆ ಭಾರತದಲ್ಲಿ ಎಸಗಿದ ಅಪಚಾರಕ್ಕೆ ಪ್ರತೀಕಾರ ತೀರಿಸಲು ಅದು ಅವಳ ದೇಹವನ್ನು ಆರಿಸಿಕೊಂಡಿದೆ. ಆಕೆಗೆ ಆ ಹಗೆಯೂ ತನ್ನದಲ್ಲ, ಆ ವಿಷವೂ ತನ್ನದಲ್ಲ. ಪವಿತ್ರನಿಗೆ ದೊರೆತ ಶಕ್ತಿಯಿಂದ ಇತರರನ್ನು ಕಾಯಬಹುದು, ಜೆಸ್ಸಿಕಾಳಿಗೆ ದೊರೆತದ್ದು ಕೊಲ್ಲುವ ಶಕ್ತಿ.

ನಾಗಬನಗಳ ನಾಡಾದ ಕರ್ನಾಟಕಕ್ಕೆ ಇಂಥ ಕಥೆಗಳ ಹಿನ್ನೆಲೆ ಹೊಸತಲ್ಲ. ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ರಚಿಸಿದ 'ನಾಗಮಂಡಲ' ನಾಟಕದಲ್ಲಿ (1988) ನಾಗವೇ ಮನುಷ್ಯರೂಪ ಧರಿಸಿ ಬರುತ್ತದೆ. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ತೆರೆಗೆ ತಂದರು. ನಮ್ಮ ಕಥೆಗಳಲ್ಲಿ ಪ್ರಾಣಿ ಮನುಷ್ಯನಾಗಲು ಹಂಬಲಿಸಿದರೆ, ಕಾಮಿಕ್ಸ್‌ಗಳಲ್ಲಿ ಮನುಷ್ಯನೇ ತನ್ನೊಳಗಿನ ಪ್ರಾಣಿಯನ್ನು ಕಂಡು ಬೆಚ್ಚುತ್ತಾನೆ.

ವರ್ಜಿನ್ ಸಾಹಸ ಬಹುಕಾಲ ಬಾಳಲಿಲ್ಲ. 2008ರಲ್ಲಿ ನ್ಯೂಯಾರ್ಕ್ ಕಚೇರಿ ಮುಚ್ಚಿತು. ಆಡಳಿತ ವರ್ಗವೇ ಸಂಸ್ಥೆಯನ್ನು ಕೊಂಡು ಲಿಕ್ವಿಡ್ ಕಾಮಿಕ್ಸ್ ಎಂದು ಮರುನಾಮಕರಣ ಮಾಡಿತು. ಅದೇ ಬಳಗದಿಂದ ಮುಂದೆ ಗ್ರಾಫಿಕ್ ಇಂಡಿಯಾ ಸಂಸ್ಥೆ ಮೂಡಿತು. ಸ್ಪೈಡರ್‌ಮ್ಯಾನ್‌ನ ಜನಕ ಸ್ಟ್ಯಾನ್ ಲೀ ಇವರೊಂದಿಗೆ ಕೈಜೋಡಿಸಿ ಮುಂಬಯಿಯ ಹುಡುಗ ರಾಜು ರಾಯ್‌ನನ್ನು ನಾಯಕನನ್ನಾಗಿಸಿ ರೂಪಿಸಿದ 'ಚಕ್ರ: ದಿ ಇನ್ವಿನ್ಸಿಬಲ್' ಆನಿಮೇಷನ್ ಚಿತ್ರ 2013ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಪ್ರಸಾರವಾಯಿತು. 2021ರಲ್ಲಿ ಇದೇ ಸಂಸ್ಥೆಯ 'ದಿ ಲೆಜೆಂಡ್ ಆಫ್ ಹನುಮಾನ್' ಸರಣಿ ಹಾಟ್‌ಸ್ಟಾರ್‌ನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂತು. ಶಾಪದಿಂದ ಬಾಲ್ಯದಲ್ಲೇ ತನ್ನ ಬಲವನ್ನು ಮರೆತವನು ಹನುಮಂತ. ಶಕ್ತಿ ಮತ್ತು ಹೊಣೆಯ ಅದೇ ಪ್ರಶ್ನೆಯನ್ನು ನಮ್ಮ ಪುರಾಣ ಬೇರೊಂದು ದಿಕ್ಕಿನಿಂದ ಕೇಳಿತ್ತು.

ಕನ್ನಡಕ್ಕೆ ಕಾಮಿಕ್ಸ್ ಹೊಸದಲ್ಲ

ಚಿತ್ರಕಥೆಯ ಇತಿಹಾಸದಲ್ಲಿ ಕನ್ನಡದ ಸ್ಥಾನ ಸಣ್ಣದಲ್ಲ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ (1929-2011) ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಅಮರ ಚಿತ್ರ ಕಥೆ' ಮಾಲೆ 1965ರಲ್ಲಿ ಮೊದಲು ಹೊರಬಂದದ್ದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ವಿಭಾಗದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರೇರಣೆಯಿಂದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಪ್ರಕಟವಾದವು. ಇಂಗ್ಲಿಷ್ ಮಾಲೆಯ ಕ್ರಮಸಂಖ್ಯೆ 11ರಿಂದ ಆರಂಭವಾಗುವುದಕ್ಕೆ ಇದೇ ಕಾರಣ.

'ಚಂದಮಾಮ' 1949ರಿಂದಲೇ ಕನ್ನಡದಲ್ಲಿ ಬರುತ್ತಿತ್ತು. ಕೇರಳ ಮೂಲದ 'ಬಾಲಮಂಗಳ' ಕನ್ನಡಕ್ಕೆ 'ಡಿಂಗ'ನನ್ನು ತಂದಿತು. ಮಲಯಾಳದಲ್ಲಿ 'ಡಿಂಕನ್' ಎಂದು ಹೆಸರಾದ ಈ ಇಲಿಮರಿಗೆ ಅನ್ಯಗ್ರಹವಾಸಿಗಳು ನಡೆಸಿದ ಪ್ರಯೋಗದಿಂದ ಅದ್ಭುತ ಬಲ ಪ್ರಾಪ್ತವಾಗುತ್ತದೆ. ಮನುಷ್ಯನಿಗೆ ಪ್ರಾಣಿಯ ಶಕ್ತಿ ಬರುವುದರ ತಿರುವುಮುರುವು ಇದು. ಬಾಲಮಂಗಳ ಓದಿ ಬೆಳೆದ ತಲೆಮಾರಿಗೆ ಸ್ಪೈಡರ್‌ಮ್ಯಾನ್‌ಗಿಂತ ಡಿಂಗನೇ ಹತ್ತಿರದವ. ಡಿಂಗ ಕನ್ನಡ ಮಾತನಾಡುತ್ತಿದ್ದ ಎಂಬುದೇ ಅದಕ್ಕೆ ಕಾರಣ.

ಭಾಷೆಯ ಬಾಗಿಲು

ಪವಿತ್ರನ ವಿಷಯದಲ್ಲಿ ಕನ್ನಡಿಗರಿಗೆ ಮುಖ್ಯವಾದ ಪ್ರಶ್ನೆಯೂ ಇದೇ. ರೂಪಿಸಿದವರಿಗೆ ಬೆಂಗಳೂರಿನ ನಂಟಿದ್ದರೂ ಕನ್ನಡ ಮಾತ್ರ ಬಲ್ಲ ಬೆಂಗಳೂರಿನ ಮಗು ಅವನ ಮಾತು ಕೇಳಲು ಎಷ್ಟು ಕಾಲ ಕಾಯಬೇಕಾಯಿತು?

ಡಬ್ಬಿಂಗ್ ಚಿತ್ರಗಳಿಗೆ ಕನ್ನಡ ಚಿತ್ರರಂಗ 1960ರ ದಶಕದಿಂದಲೂ ವಿರೋಧ ವ್ಯಕ್ತಪಡಿಸುತ್ತ ಬಂದಿತ್ತು. ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡದ ವೇಷ ತೊಟ್ಟು ಬಂದರೆ ಇಲ್ಲಿಯ ಕಲಾವಿದರು, ತಂತ್ರಜ್ಞರು ಬೀದಿಪಾಲಾಗುತ್ತಾರೆ ಎಂಬುದು ಆ ವಿರೋಧದ ಹಿಂದಿದ್ದ ಆತಂಕ. ಆ ಕಾಲದ ಸಣ್ಣ ಮಾರುಕಟ್ಟೆಯನ್ನು ನೆನೆದರೆ ಆತಂಕ ಆಧಾರರಹಿತವಾಗಿರಲಿಲ್ಲ. ಆದರೆ ಅದರ ಫಲವಾಗಿ, ಸ್ಪೈಡರ್‌ಮ್ಯಾನ್ ಚಿತ್ರಗಳು ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಾಗಲೂ ಕನ್ನಡದ ಮಗು ಬೇರೊಂದು ಭಾಷೆಯ ಮೊರೆ ಹೋಗಬೇಕಾಯಿತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಕಾರ್ಯಕ್ರಮ ಕೂಡ ಇದೇ ವಿರೋಧದಿಂದ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. 2009ರಲ್ಲಿ ಆರಂಭವಾದ ಚಿಂಟು ಟೀವಿ ಕಾರ್ಟೂನ್‌ಗಳಿಗೆ ಕನ್ನಡದ ದನಿ ಕೊಟ್ಟದ್ದು ಮಕ್ಕಳ ಪಾಲಿಗೆ ಅಪವಾದದಂತಿತ್ತು.

ಡಬ್ಬಿಂಗ್ ತಡೆಯುವುದು ಸ್ಪರ್ಧಾ ನಿಯಮಗಳಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮುಂತಾದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆಕಂಡಿತು. ಕ್ರಮೇಣ ಪರಭಾಷೆಯ ದೊಡ್ಡ ಚಿತ್ರಗಳು ಕನ್ನಡದಲ್ಲಿ ಬರತೊಡಗಿದವು.

ಮರಳಿ ಬಂದ ಪವಿತ್ರ

2004ರ ಸರಣಿ ಮುಗಿದ ಮೇಲೆ ಪವಿತ್ರ ಬಹುಕಾಲ ಮರೆಯಾಗಿದ್ದ. ಬೇರೆ ಬೇರೆ ಲೋಕಗಳ ಸ್ಪೈಡರ್‌ಮ್ಯಾನ್‌ಗಳೆಲ್ಲ ಒಂದಾಗುವ 'ಸ್ಪೈಡರ್-ವರ್ಸ್' ಕಥಾಮಾಲೆಯಲ್ಲಿ (2014-15) ಮಾರ್ವೆಲ್ ಅವನನ್ನು ಮತ್ತೆ ಕರೆತಂದಿತು. ನಂತರ 'ವೆಬ್ ವಾರಿಯರ್ಸ್' ಸರಣಿಯಲ್ಲಿಯೂ ಅವನಿಗೆ ಸ್ಥಾನ ದೊರೆಯಿತು.

ನಿಜವಾದ ಪುನರ್ಜನ್ಮ ದೊರೆತದ್ದು 2023ರ ಜೂನ್‌ನಲ್ಲಿ. 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಆನಿಮೇಷನ್ ಚಿತ್ರದಲ್ಲಿ ಪವಿತ್ರ 'ಮುಂಬ್ಯಾಟನ್' ಎಂಬ ಊರಿನವನು. ಮುಂಬಯಿ ಮತ್ತು ಮ್ಯಾನ್‌ಹಟನ್‌ಗಳನ್ನು ಕಲಸಿದ ಹೆಸರು ಅದು. ಇಂಗ್ಲಿಷ್‌ನಲ್ಲಿ ಕರಣ್ ಸೋನಿ, ಹಿಂದಿ ಮತ್ತು ಪಂಜಾಬಿ ಭಾಷೆಗಳಲ್ಲಿ ಕ್ರಿಕೆಟಿಗ ಶುಭಮನ್ ಗಿಲ್ ಪವಿತ್ರನಿಗೆ ದನಿಯಾದರು. ಭಾರತದಲ್ಲಿ 10 ಭಾಷೆಗಳಲ್ಲಿ ತೆರೆಕಂಡ ಈ ಚಿತ್ರಕ್ಕೆ ಕನ್ನಡದ ಆವೃತ್ತಿಯೂ ಇತ್ತು. ಪಾತ್ರ ಹುಟ್ಟಿ 19 ವರ್ಷಗಳಾಗಿದ್ದವು.

ಚಿತ್ರದ ಪವಿತ್ರ ಹಳೆಯ ಪವಿತ್ರನಲ್ಲ. ಸ್ಪೈಡರ್‌ಮ್ಯಾನ್ ಆಗಿ ಆರು ತಿಂಗಳಷ್ಟೇ ಕಳೆದಿರುವ ಅವನಿಗೆ ಎಲ್ಲವೂ ಸಲೀಸು. ಚಹಾಕ್ಕೆ 'ಚಾಯ್ ಟೀ' ಎನ್ನುವವರನ್ನು ಅಣಕಿಸುತ್ತಾನೆ. ಪೊಲೀಸ್ ಅಧಿಕಾರಿ ಸಿಂಗ್ ಅವರ ಮಗಳು ಗಾಯತ್ರಿ ಅವನ ಗೆಳತಿ. ಪ್ರತಿ ಸ್ಪೈಡರ್‌ಮ್ಯಾನ್‌ನ ಬದುಕಿನಲ್ಲಿಯೂ ಆಪ್ತರೊಬ್ಬರು ಸಾಯಲೇಬೇಕೆಂಬ ನಿಯಮದಂತೆ ಸಿಂಗ್ ಸಾಯಬೇಕಿತ್ತು. ಇನ್ನೊಂದು ಲೋಕದಿಂದ ಬಂದ ಮೈಲ್ಸ್ ಮೊರಾಲೆಸ್ ಅವರನ್ನು ಉಳಿಸುತ್ತಾನೆ. 2004ರಲ್ಲಿ ಭೀಮ್ ಚಿಕ್ಕಪ್ಪನ ಸಾವೇ ಪವಿತ್ರನನ್ನು ನಾಯಕನನ್ನಾಗಿಸಿತ್ತು. ಸಾವಿಲ್ಲದೆ ನಾಯಕನಾಗಲು ಸಾಧ್ಯವಿಲ್ಲವೇ ಎಂದು 2023ರ ಚಿತ್ರ ಕೇಳಿತು.

ಅದೇ ವರ್ಷ ಬ್ರಿಟನ್ನಿನ ಲೇಖಕ ನಿಕೇಶ್ ಶುಕ್ಲಾ ಬರೆದು ಅಭಿಷೇಕ್ ಮಲ್ಸುನಿ ಚಿತ್ರ ರಚಿಸಿದ 5 ಸಂಚಿಕೆಗಳ ಹೊಸ 'ಸ್ಪೈಡರ್‌ಮ್ಯಾನ್: ಇಂಡಿಯಾ' ಸರಣಿಯನ್ನು ಮಾರ್ವೆಲ್ ಹೊರತಂದಿತು.

ಉಳಿದ ಪ್ರಶ್ನೆ

ಅನುವಾದಿತ ಕಥೆಗಳಿಂದಲೇ ಆರಂಭವಾದ ಕನ್ನಡದ ಚಿತ್ರಕಥಾ ಮಾಲೆ 'ಅಮರ ಚಿತ್ರ ಕಥೆ'ಯಂತಹ ದೇಶವ್ಯಾಪಿ ಪರಂಪರೆಗೆ ನಾಂದಿಯಾಯಿತು. ಪವಿತ್ರನ ತಂಡ ಪರರ ಪಾತ್ರವನ್ನು ರೂಪಾಂತರಿಸುತ್ತ ಸ್ವಂತ ಪಾತ್ರಗಳನ್ನು ಕಟ್ಟಲು ಕಲಿಯಿತು. ಹೊರಗಿನದನ್ನು ಬರಮಾಡಿಕೊಳ್ಳುವುದರಿಂದ ಕಲೆ ಬಡವಾಗುವುದಿಲ್ಲ ಎಂಬುದಕ್ಕೆ ಎರಡೂ ಸಾಕ್ಷಿ. ಮಾರೇನಹಳ್ಳಿಯದೋ ಮಂಡ್ಯದ್ದೋ ಹುಡುಗಿಯೊಬ್ಬಳು ಇಂಥ ಬೇಡದ ಬಲ ಪಡೆದು, ತನ್ನ ಸಂಕಟವನ್ನು ಮೊದಲಿಗೇ ಕನ್ನಡದಲ್ಲಿ ತೋಡಿಕೊಳ್ಳುವ ಕಥೆಗೆ ನೆಲ ಹದವಾಗಿದೆ. ಬರೆಯುವ ಕೈ, ಹಣ ಹೂಡುವ ಪ್ರಕಾಶಕ, ಕೊಂಡು ಓದುವ ಮನೆ ಈ ಮೂರೂ ಕೂಡಬೇಕಿದೆ.

ಹೆಜ್ಜೆ ಗುರುತು

1962: ಪೀಟರ್ ಪಾರ್ಕರ್ ಮೊದಲ ಬಾರಿಗೆ ಪ್ರತ್ಯಕ್ಷ
1965: 'ಅಮರ ಚಿತ್ರ ಕಥೆ' ಕನ್ನಡದಲ್ಲಿ ಆರಂಭ
2004: 'ಸ್ಪೈಡರ್‌ಮ್ಯಾನ್: ಇಂಡಿಯಾ' ಭಾರತದಲ್ಲಿ ಪ್ರಕಟಣೆ
2006: ವರ್ಜಿನ್ ಕಾಮಿಕ್ಸ್ ಸ್ಥಾಪನೆ, 'ಸ್ನೇಕ್‌ವುಮನ್' ಪ್ರಕಟಣೆ
2008: ವರ್ಜಿನ್ ಕಾಮಿಕ್ಸ್, ಲಿಕ್ವಿಡ್ ಕಾಮಿಕ್ಸ್ ಆಗಿ ಬದಲಾವಣೆ
2013: ಸ್ಟ್ಯಾನ್ ಲೀ ಸಹಯೋಗದ 'ಚಕ್ರ' ಪ್ರಸಾರ
2014-15: 'ಸ್ಪೈಡರ್-ವರ್ಸ್' ಮಾಲೆಯಲ್ಲಿ ಪವಿತ್ರನ ಮರುಪ್ರವೇಶ
2015: ಡಬ್ಬಿಂಗ್ ತಡೆ ಕುರಿತು ಸ್ಪರ್ಧಾ ಆಯೋಗದ ಆದೇಶ
2023: ಬೆಳ್ಳಿತೆರೆಯಲ್ಲಿ ಪವಿತ್ರ, ಕನ್ನಡದಲ್ಲಿಯೂ ಬಿಡುಗಡೆ